ಕಲ್ಲಪ್ಪ ಕತ್ತಿ ಹಿರಿದ ಭಾನುವಾರ

ಒಂಬತ್ತು ಭಾನುವಾರ ಕಳೆದರೂ ಕಲ್ಲಪ್ಪ ಕತ್ತಿ ಹಿರಿದಿರಲಿಲ್ಲ. ಅವನೇನು ಕಡಿಮೆ ಕತ್ತಿಗಾರನಲ್ಲ. ಸೊಂಟದಲ್ಲಿ ಜಪಾನಿನ ಕಟಾನಾ, ಒರೆಯ ಮೇಲೆ ಸದಾ ಎಡಗೈ. ಆ ಬಗೆಯ ಕತ್ತಿಗಾರರು ಒಂದೇ ಏಟಿನವರು. ಒರೆಯಿಂದ ಕತ್ತಿ ಈಚೆ ಬರುವುದೂ ಎದುರಿನವನು ನೆಲ ಕಚ್ಚುವುದೂ ಒಂದೇ ಗಳಿಗೆ. ಆದರೆ ಕಲ್ಲಪ್ಪನನ್ನು ಆಡಿಸುತ್ತಿದ್ದವಳು ಸುಭದ್ರಾ. ನಲವತ್ತೊಂಬತ್ತು ವರ್ಷದ, ಹುಬ್ಬಳ್ಳಿ ಕಡೆಯ ಲಿಂಗಾಯತರ ಮನೆಯ ಹೆಣ್ಣುಮಗಳು, ರೈಲ್ವೆ ಸಿಗ್ನಲ್ ವಿಭಾಗದ ಬಸವಲಿಂಗಪ್ಪನ ಹೆಂಡತಿ. ಹದಿನೆಂಟು ವರ್ಷ ಕೊಲ್ಕತ್ತಾದಲ್ಲಿದ್ದೂ ಅಡುಗೆಮನೆಗೆ ಒಂದು ಮೊಟ್ಟೆ ಸೇರಿಸದವಳು. ಅಂಥವಳ ಕೈಗೆ ಕತ್ತಿ ಕೊಟ್ಟರೆ ಅದು ಒರೆಯಲ್ಲಿ ಕೂರದೆ ಇನ್ನೆಲ್ಲಿ ಕೂತೀತು?

ಇದು ಹಲಗೆ, ಕಾಯಿ ಇಟ್ಟು ಆಡುವ ಆಟವಲ್ಲ. ನಾಲ್ಕು ಜನ ಮೇಜಿನ ಸುತ್ತ ಕೂತು ಕಥೆಯೊಂದನ್ನು ಬಾಯಲ್ಲೇ ಕಟ್ಟುತ್ತ ಹೋಗುತ್ತಾರೆ. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ತಮ್ಮ ತಮ್ಮ ಪಾತ್ರ ಏನು ಮಾಡುತ್ತದೆಂದು ಹೇಳುತ್ತಾರೆ, ಅದು ಫಲಿಸಿತೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ಕಥೆ ನಡೆಸುತ್ತಿದ್ದವನು ಪ್ರದೀಪ. ಟಾಲಿಗಂಜ್ ಮೆಟ್ರೋ ಹತ್ತಿರ ಅವನ ಅಜ್ಜ ಉಡುಪಿಯಿಂದ ಬಂದು ಹಾಕಿದ ಹೋಟೆಲನ್ನು ಈಗ ಅವನೇ ನೋಡಿಕೊಳ್ಳುತ್ತಿದ್ದ. ಭಾನುವಾರ ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ, ಸಂಜೆಯ ದೋಸೆಗೆ ಕಾವಲಿ ಕಾಯುವವರೆಗೆ, ಷಟರ್ ಅರ್ಧ ಇಳಿಸಿ ಮಹಡಿಯ ಮೇಲೆ ಅಕ್ಕಿ ಮೂಟೆಗಳ ನಡುವೆ ಆಟ. ಆಡುವವರಲ್ಲಿ ಒಬ್ಬಳು ಐಶ್ವರ್ಯಾ, ಮೈಸೂರಿನವಳು, ಬಿಬಿಡಿ ಬಾಗ್‌ನ ಬ್ಯಾಂಕೊಂದರಲ್ಲಿ ಕೆಲಸ. ಆಟದಲ್ಲಿ ಮಾತ್ರ ಬೀಗ ಮುರಿಯುವ ಕಳ್ಳಿ. ಇನ್ನೊಬ್ಬ ಸುಭದ್ರೆಯ ಮಗ ಪವನ. ಅವನದು ವೈದ್ಯನ ಪಾತ್ರ.

ಪವನನಿಗೆ ಇಪ್ಪತ್ತೊಂದು. ಇಂಜಿನಿಯರಿಂಗಿನ ಮೂರನೆಯ ವರ್ಷದಲ್ಲಿ ಕಾಲೇಜು ಬಿಟ್ಟು ಬಂದು ಕೋಣೆ ಸೇರಿದವನು ಹನ್ನೊಂದು ತಿಂಗಳಿಂದ ಈಚೆ ಬಂದಿದ್ದೇ ಕಡಿಮೆ. ಬಾಗಿಲಲ್ಲಿ ತಾಟು ಇಟ್ಟರೆ ಒಮ್ಮೊಮ್ಮೆ ಖಾಲಿಯಾಗಿ ಬರುತ್ತಿತ್ತು, ಒಮ್ಮೊಮ್ಮೆ ಇಟ್ಟ ಹಾಗೇ. ಏನು ಕೇಳಿದರೂ "ಠೀಕ್ ಹೈ" ಎಂಬ ಎರಡು ಮಾತು. ಡಾಕ್ಟರ ಸುದ್ದಿ ತೆಗೆದರೆ ಬಸವಲಿಂಗಪ್ಪ, "ಹರೇದ ಹುಡುಗರು ಹಿಂಗ ಇರ್ತಾರ. ಸರಿಹೋಗ್ತಾನ, ನೀ ಸುಮ್ಮನಿರು" ಎಂದು ಬಾಯಿ ಮುಚ್ಚಿಸುತ್ತಿದ್ದ. ಸಾವಿರಾರು ರೈಲಿಗೆ ಕೆಂಪು ಹಸಿರು ತೋರಿಸಿದ ಮನುಷ್ಯನಿಗೆ ಮನೆಯೊಳಗಿನ ಕೆಂಪು ಕಾಣಲಿಲ್ಲವಲ್ಲ ಎಂದು ಯಾರು ಬೇಕಾದರೂ ಆಡಿಕೊಳ್ಳಬಹುದು. ಆದರೆ ಅವನೂ ದಿನಕ್ಕೆರಡು ಸಲ ಮಗನ ಕೋಣೆಯ ಮುಂದೆ ಹೋಗಿ ನಿಂತು ಬರುತ್ತಿದ್ದ. ಬಾಗಿಲು ತಟ್ಟುವ ಧೈರ್ಯ ಮಾತ್ರ ಅವನಿಗೂ ಇರಲಿಲ್ಲ.

ಅಂಥ ಹುಡುಗ ಭಾನುವಾರ ಮಾತ್ರ ಚಪ್ಪಲಿ ಮೆಟ್ಟಿ ಹೊರಡುತ್ತಿದ್ದ. ಒಮ್ಮೆ ಮೊಬೈಲು ಮರೆತು ಹೋಗಿದ್ದನೆಂದು ಸುಭದ್ರಾ ಅದನ್ನು ಹಿಡಿದು ಪ್ರದೀಪನ ಹೋಟೆಲಿಗೆ ಬಂದಳು. ಮೆಟ್ಟಿಲ ಅರ್ಧಕ್ಕೆ ಬಂದಾಗ ಮೇಲಿಂದ ಮಗನ ದನಿ ಕೇಳಿಸಿತು. ಯಾವುದೋ ಹಳ್ಳಿಯ ಜ್ವರದ ಬಗ್ಗೆ, ಯಾವುದೋ ಬೇರಿನ ಕಷಾಯದ ಬಗ್ಗೆ ಉದ್ದುದ್ದ ಮಾತಾಡುತ್ತಿದ್ದ. ನಡುವೆ ನಕ್ಕ ಕೂಡ. ಸುಭದ್ರಾ ಗೋಡೆ ಹಿಡಿದು ಅಲ್ಲೇ ಕೂತುಬಿಟ್ಟಳು. ಅರ್ಧ ಗಂಟೆಯ ಮೇಲೆ ಚಹಾ ತರಲು ಇಳಿದ ಪ್ರದೀಪ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ ಹೆಂಗಸನ್ನು ಕಂಡು ಗಾಬರಿಯಾದ.

"ಎಂತ ಅಕ್ಕ, ಇಲ್ಲಿ ಕೂತಿದ್ದೀರಿ? ಮೇಲೆ ಬನ್ನಿ. ಕತ್ತಿಯವನ ಜಾಗ ಖಾಲಿ ಉಂಟು, ನೀವೇ ಆಡಿ."

ಪ್ರದೀಪ ತಮಾಷೆಗೆ ಅಂದಿದ್ದು. ಸುಭದ್ರಾ ನಿಜವಾಗಿಯೂ ಮೇಲೆ ಬಂದು ಕುರ್ಚಿ ಎಳೆದುಕೊಂಡು ಕೂತಳು. ಪವನ ಬೇಡ ಅನ್ನಲಿಲ್ಲ. ಒಂದೇ ಶರತ್ತು ಹಾಕಿದ: ಈ ಮೇಜಿನಲ್ಲಿ ಅವಳು ಅವ್ವ ಅಲ್ಲ, ಬರೀ ಆಟಗಾರಳು.

ಪ್ರದೀಪ ಅವಳಿಗೆ ಒರೆಗತ್ತಿಯವನನ್ನು ಕೊಟ್ಟಿದ್ದು ಸುಲಭವೆಂದು. "ಇವ ಕಾಯ್ತಾನೆ, ಕಾಯ್ತಾನೆ, ಒಂದೇ ಸಲ ಹೊಡೀತಾನೆ. ಮಧ್ಯೆ ಎಂತದೂ ಮಾಡ್ಲಿಕ್ಕಿಲ್ಲ" ಎಂದು ವಿವರಿಸಿದ. ತನ್ನ ಸರದಿಯಲ್ಲಿ ಕತ್ತಿ ಹಿರಿಯದೆ ಕಾದರೆ ಸ್ಟೀಲಿನ ಬಟ್ಟಲಿಗೆ ಒಂದು ಹುಣಸೆ ಬೀಜ. ಹಿರಿದ ದಿನ ಬಟ್ಟಲಲ್ಲಿ ಎಷ್ಟು ಬೀಜವೋ ಅಷ್ಟು ದಾಳ ಒಟ್ಟಿಗೆ ಉರುಳಿಸುವ ಬಲ, ಆಮೇಲೆ ಬಟ್ಟಲು ಖಾಲಿ. ಇನ್ನೊಂದು ನಿಯಮ: ಒರೆಗತ್ತಿಯವನು ಕತ್ತಿ ಹಿರಿಯುತ್ತೇನೆಂದರೆ ಅದೇ ಮೊದಲು. ಬೇರೆಯವರ ಮಾತು ಅರ್ಧ ಬಾಯಲ್ಲಿದ್ದರೂ ಅಲ್ಲೇ ನಿಲ್ಲಬೇಕು. ಹೆಸರೇನಿಡುತ್ತೀರಿ ಎಂದಾಗ ಸುಭದ್ರೆಯ ಬಾಯಿಗೆ ಬಂದದ್ದು ಕುಂದಗೋಳದಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದ ಸೋದರಮಾವನ ಹೆಸರು. ಹೀಗೆ ಜಪಾನಿನ ಕತ್ತಿಗೆ ಕುಂದಗೋಳದ ಕಲ್ಲಪ್ಪ ಒಡೆಯನಾದ.

ಮೊದಲ ಕಾಳಗದಲ್ಲೇ ತೊಡಕು ಶುರುವಾಯಿತು. ಕಾಡಿನ ದಾರಿಯಲ್ಲಿ ಕಳ್ಳನೊಬ್ಬ ಎದುರು ನಿಂತಿದ್ದಾನೆ, ಕಲ್ಲಪ್ಪ ಏನು ಮಾಡುತ್ತಾನೆ ಎಂದು ಪ್ರದೀಪ ಕೇಳಿದರೆ ಸುಭದ್ರಾ ಮರುಪ್ರಶ್ನೆ ಹಾಕಿದಳು.

"ಅವಂಗ ಹೇಣ್ತಿ ಮಕ್ಕಳು ಅದಾರೇನ್ರಿ?"

ಪ್ರದೀಪ ತಲೆ ಕೆರೆದುಕೊಂಡು, "ಹೆಂಡತಿ ಉಂಟು. ಸಣ್ಣ ಮಗಳೂ ಉಂಟು ಅಂತ ಇಟ್ಕೊಳ್ಳಿ" ಎಂದ.

"ಹಂಗಾರ ಕಲ್ಲಪ್ಪ ಕಾಯ್ತಾನ್ರಿ. ಕತ್ತಿ ತಗಿಯಂಗಿಲ್ಲ."

ಬಟ್ಟಲಿಗೆ ಒಂದು ಬೀಜ ಬಿತ್ತು. ಮುಂದಿನವನಿಗೆ ಮುದಿ ತಾಯಿ ಇದ್ದಳು, ಅದರ ಮುಂದಿನವನಿಗೆ ಮದುವೆ ಗೊತ್ತಾಗಿತ್ತು. ಹಾಳೆಯ ಮೇಲಿನ ಕಳ್ಳರಿಗೆಲ್ಲ ಸಂಸಾರ ಕಟ್ಟಿಕೊಟ್ಟು ಪ್ರದೀಪ ಹೈರಾಣಾದ. ಕಲ್ಲಪ್ಪ ಮುಂದೆ ಬಂದು ನಿಲ್ಲುವನು, ಎಡಗೈ ಒರೆಯ ಮೇಲೆ ಇಡುವನು, ಕಳ್ಳರ ಎದೆ ನಡುಗುವುದು, ಅಷ್ಟರಲ್ಲಿ ಐಶ್ವರ್ಯಾಳ ಕಳ್ಳಿ ಹಿಂದಿನಿಂದ ಕೆಲಸ ಮುಗಿಸುವಳು. ಒರೆಗತ್ತಿಯವನು ವಾರಗಟ್ಟಲೆ ಸುಮ್ಮನಿರಬಹುದೆಂದು ಯಾವ ನಿಯಮ ಮಾಡಿದವನೂ ಊಹಿಸಿರುವುದಿಲ್ಲ. ಬೀಜಕ್ಕೊಂದು ಮಿತಿ ಹಾಕಬೇಕಿತ್ತೆಂದು ಪ್ರದೀಪನಿಗೆ ಹೊಳೆಯುವ ಹೊತ್ತಿಗೆ ಬಟ್ಟಲಲ್ಲಿ ಇಪ್ಪತ್ತು ದಾಟಿತ್ತು.

ಸುಭದ್ರೆಗೆ ಬೀಜದ ಲೆಕ್ಕ ಎಲ್ಲಿ ಬೇಕಿತ್ತು! ಅವಳು ಬರುತ್ತಿದ್ದದ್ದೇ ಬೇರೆಯದಕ್ಕೆ. ಮನೆಯಲ್ಲಿ ಅವ್ವನ ಮುಖ ನೋಡದ ಹುಡುಗ ಇಲ್ಲಿ ಕಲ್ಲಪ್ಪನ ಮುಖ ನೋಡಿ ಮಾತಾಡುತ್ತಿದ್ದ. ಒಮ್ಮೆ ಕಲ್ಲಪ್ಪನ ಭುಜಕ್ಕೆ ಬಾಣ ನಟ್ಟಾಗ, ವೈದ್ಯ ಬಂದು ಮಂಡಿಯೂರಿ, "ಕಲ್ಲಪ್ಪ, ಭಾಳ ನೋವಾತೇನು? ಅಳ್ಳಾಡಬ್ಯಾಡ, ನಾ ತೆಗೀತೀನಿ" ಅಂದ. ಕೊಲ್ಕತ್ತಾದಲ್ಲೇ ಬೆಳೆದು, ಕನ್ನಡ ತಿಳಿದರೂ ಆಡಲು ತಡವರಿಸುವ ಹುಡುಗ ಅಂದು ಒಂದು ಪದಕ್ಕೂ ತಡವರಿಸಲಿಲ್ಲ. ಆ ಒಂದು ಮಾತನ್ನು ಸುಭದ್ರಾ ವಾರವಿಡೀ ಉಂಡಳು ಎಂದರೂ ತಪ್ಪಿಲ್ಲ. ರೊಟ್ಟಿ ಬಡಿಯುವಾಗ ನೆನೆದಳು, ಟ್ಯಾಂಕಿನ ನೀರಿಗೆ ಕಾಯುವಾಗ ನೆನೆದಳು.

ಹತ್ತನೆಯ ಭಾನುವಾರದ ಹಿಂದಿನ ವಾರ ಮನೆಯಲ್ಲಿ ಪವಾಡವೇ ನಡೆದಂತಾಯಿತು. ಸೋಮವಾರ ಪವನ ಹೇಳಿಸಿಕೊಳ್ಳದೆ ಸ್ನಾನ ಮಾಡಿದ. ಮಂಗಳವಾರ ಕೋಣೆ ಗುಡಿಸಿ, ತಿಂಗಳುಗಳಿಂದ ಗುಡ್ಡೆ ಬಿದ್ದಿದ್ದ ಬಟ್ಟೆಗಳನ್ನೆಲ್ಲ ಒಗೆದು ಮಡಚಿಟ್ಟ. ಗುರುವಾರ ಸಂಜೆ ಹೊರಗೆ ಬಂದು, "ಅಪ್ಪಾಜಿ, ಚಾ ಮಾಡ್ಲಾ?" ಎಂದು ಕೇಳಿದ. ಬಸವಲಿಂಗಪ್ಪ ಆ ಚಹಾ ಕುಡಿದ ರೀತಿ ನೋಡಬೇಕಿತ್ತು. ತೀರ್ಥದ ಹಾಗೆ ಎರಡೂ ಕೈಯಲ್ಲಿ ಹಿಡಿದು ಕುಡಿದ. ಆಮೇಲೆ ಅಡುಗೆಮನೆಗೆ ಬಂದು ಹೆಂಡತಿಗೆ, "ನಾ ಹೇಳಿದ್ನಿಲ್ಲೋ?" ಎಂದ.

ಸುಭದ್ರಾ ಧಾರವಾಡದಲ್ಲಿದ್ದ ಮಗಳು ಶ್ರೀರಕ್ಷಾಳಿಗೆ ಫೋನು ಮಾಡಿ ತಮ್ಮ ಸುಧಾರಿಸಿದನೆಂದು ಹೇಳಿದಳು. ಶುಕ್ರವಾರ ಒಬ್ಬಳೇ ಮೆಟ್ರೋ ಹತ್ತಿ ದಕ್ಷಿಣೇಶ್ವರಕ್ಕೆ ಹೋದಳು. ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು ಕಾಳಿಯ ಮುಂದೆ ಸಾಲು ನಿಲ್ಲುವುದೇ ಎಂದು ಹುಬ್ಬಳ್ಳಿಯ ಅತ್ತೆ ಇದ್ದಿದ್ದರೆ ಕೇಳುತ್ತಿದ್ದರು. ಕೇಳಲಿ. ಮಗನಿಗಾಗಿ ತಾಯಿ ಯಾವ ಬಾಗಿಲಿಗಾದರೂ ಹೋಗುತ್ತಾಳೆ. ಎರಡು ಗಂಟೆ ಬಿಸಿಲಲ್ಲಿ ನಿಂತು ಪೇಡೆ ಅರ್ಪಿಸಿ, ನನ್ನ ಮಗನನ್ನು ನನಗೆ ವಾಪಸು ಕೊಟ್ಟೆ ತಾಯಿ ಎಂದು ಕೈಮುಗಿದು ಬಂದಳು.

ಭಾನುವಾರ ಪವನ ಅವಳಿಗಿಂತ ಮೊದಲೇ ತಯಾರಾಗಿ ನಿಂತಿದ್ದ. ಮಹಡಿ ಹತ್ತಿ ಕೂತವನೇ ಕೊರಳಲ್ಲಿದ್ದ ಹೆಡ್‌ಫೋನ್ ತೆಗೆದು ಐಶ್ವರ್ಯಾಳ ಮುಂದಿಟ್ಟ. ಎರಡು ವರ್ಷ ಜೀವದಂತೆ ಕಾಪಾಡಿಕೊಂಡಿದ್ದ ಹೆಡ್‌ಫೋನದು.

"ನಿನಗೆ ಇಷ್ಟ ಅಂದಿದ್ದೆಯಲ್ಲ ದೀದಿ. ಇಟ್ಕೋ. ನನಗೆ ಬೇಡ."

"ಅಯ್ಯೋ, ಏನೋ ಇದು ದಾನಶೂರ!" ಎಂದು ಐಶ್ವರ್ಯಾ ನಕ್ಕಳು. ಸುಭದ್ರಾ ಕೂಡ ಹೆಮ್ಮೆಯಿಂದ ನಕ್ಕಳು.

ಕಥೆ ಅಂದು ನದಿಯ ದಂಡೆಗೆ ಬಂದು ನಿಂತಿತ್ತು. ಹಿಂದೆ ರಾಜನ ಸೈನಿಕರು ಅಟ್ಟಿಸಿಕೊಂಡು ಬರುತ್ತಿದ್ದಾರೆ, ಪಂಜುಗಳು ಕಾಣುತ್ತಿವೆ. ಘಾಟಿನಲ್ಲಿ ಇರುವುದು ಒಂದೇ ದೋಣಿ. ಅದನ್ನು ದಂಡೆಯ ಕಂಬಕ್ಕೆ ಕಬ್ಬಿಣದ ಸರಪಳಿಯಿಂದ ಕಟ್ಟಿದ್ದಾರೆ. ದಂಡೆಯಲ್ಲಿ ನಿಂತವರೇ ಚಕ್ರ ತಿರುಗಿಸಿ ಸರಪಳಿ ಬಿಡಬೇಕು. ಅಂದರೆ ಒಬ್ಬರು ಹಿಂದೆ ಉಳಿಯಬೇಕು. ಪ್ರದೀಪ ದಿನಗಟ್ಟಲೆ ಯೋಚಿಸಿ ಹೆಣೆದ ಇಕ್ಕಟ್ಟು ಅದು. ಮೂವರೂ ತಲೆಗೆ ತಲೆ ಕೊಟ್ಟು ಉಪಾಯ ಹುಡುಕಲಿ ಎಂದು ಒಂದೆರಡು ದಾರಿಗಳನ್ನೂ ಅಡಗಿಸಿಟ್ಟಿದ್ದ.

ಪವನ ಒಂದೂ ಹುಡುಕಲಿಲ್ಲ. "ನೀವು ಹೋಗಿ. ನಾ ಇಲ್ಲೇ ಇರ್ತೀನಿ" ಅಂದ.

"ತಡಿಯೋ, ಬೇರೆ ದಾರಿ ಇರತ್ತೆ" ಎಂದಳು ಐಶ್ವರ್ಯಾ.

"ಬೇಕಾಗಿಲ್ಲ. ನಾ ಇಲ್ಲ ಅಂದ್ರ ದೋಣಿ ಹಗುರ ಆಗ್ತದ. ನೀವೆಲ್ಲಾ ಆರಾಮ ದಾಟ್ತೀರಿ." ಅವನ ದನಿಯಲ್ಲಿ ದುಃಖವಿರಲಿಲ್ಲ. ಕೆಲಸ ಮುಗಿಸಿ ಕೈತೊಳೆದುಕೊಂಡವನ ನೆಮ್ಮದಿ ಇತ್ತು. ವೈದ್ಯನ ಜೋಳಿಗೆಯಲ್ಲಿ ಏನೇನಿದೆ ಎಂದು ಬರೆದಿಟ್ಟಿದ್ದ ಹಾಳೆಯಲ್ಲಿ ಒಂದೊಂದೇ ವಸ್ತುವಿಗೆ ಗೀಟು ಹಾಕುತ್ತ ಹಂಚತೊಡಗಿದ. ಔಷಧಿಯ ಚೀಲ ಕಳ್ಳಿಗೆ. ಕಂಬಳಿ ಕಳ್ಳಿಗೆ. ಬೆಳ್ಳಿಯ ಉಂಗುರ ಕಲ್ಲಪ್ಪನಿಗೆ.

"ವಾಹ್! ಕಥೆ ಅಂದ್ರೆ ಇದು ಮಾರಾಯ" ಎಂದು ಪ್ರದೀಪ ಮೇಜು ಕುಟ್ಟಿದ. ಐಶ್ವರ್ಯಾ ಕಣ್ಣಂಚು ಒರೆಸಿಕೊಂಡಳು.

ಸುಭದ್ರಾ ಮಾತ್ರ ಮಗನ ಪೆನ್ಸಿಲನ್ನು ನೋಡುತ್ತಿದ್ದಳು. ಒಂದು ಗೀಟು, ಇನ್ನೊಂದು ಗೀಟು. ಜೋಳಿಗೆ ಖಾಲಿಯಾದಂತೆಲ್ಲ ಅವನ ಮುಖ ತಿಳಿಯಾಗುತ್ತಿತ್ತು. ಇದೇ ಮುಖ ಸೋಮವಾರ ಸ್ನಾನ ಮಾಡಿ ಬಂದಾಗ ಇತ್ತು. ಬಟ್ಟೆ ಮಡಚಿದಾಗ ಇತ್ತು. ಅಪ್ಪನಿಗೆ ಚಹಾ ಕೊಟ್ಟಾಗ ಇತ್ತು. ಗುಣವಾದವನ ಮುಖ ಅಂದುಕೊಂಡು ತಾನು ದೇವಿಗೆ ಪೇಡೆ ಕೊಟ್ಟು ಬಂದದ್ದು ಈ ಮುಖಕ್ಕೆ. ಅವನು ಸುಧಾರಿಸುತ್ತಿರಲಿಲ್ಲ. ಹೊರಡಲು ಗಂಟು ಕಟ್ಟುತ್ತಿದ್ದ.

"ಸರಿ. ವೈದ್ಯ ಚಕ್ರದ ಹತ್ತಿರ ಹೋಗ್ತಾನೆ" ಎಂದ ಪವನ. "ಸರಪಳಿ ಬಿ—"

"ಕಲ್ಲಪ್ಪ ಕತ್ತಿ ತೆಗೀತಾನ."

ಪ್ರದೀಪ ಬಟ್ಟಲನ್ನು ನೋಡಿದ. ಅವತ್ತಿನವೂ ಸೇರಿ ನಲವತ್ತಮೂರು ಬೀಜಗಳಿದ್ದವು. ಅಷ್ಟು ದಾಳ ಹೋಟೆಲಿನಲ್ಲಷ್ಟೇ ಅಲ್ಲ, ಟಾಲಿಗಂಜಿನಲ್ಲೇ ಇರಲಿಕ್ಕಿಲ್ಲ.

"ಕೊನೆಗೂ ತೆಗೆದ್ರಿ ಅಕ್ಕ! ಉರುಳಿಸ್ಲಿಕ್ಕೇ ಬೇಡ, ನೀವು ಹೇಳಿದ್ದು ಆಯ್ತು ಅಂತ ಲೆಕ್ಕ. ಯಾರ ಮೇಲೆ? ಸೈನ್ಯದ ಮೇಲಾ?"

"ದೋಣಿ ಮ್ಯಾಲೆ."

"ದೋಣಿ ಮೇಲೆ ಅಂದ್ರೆ?"

"ದೋಣಿ ಕಡೀತಾನ್ರಿ. ನಟ್ಟನಡುವ, ಎರಡು ಹೋಳು. ಮುಳುಗಿ ಹೋಗಲಿ."

"ಆಂಟಿ, ಬೇಡ! ಇರೋದು ಅದೊಂದೇ" ಎಂದು ಐಶ್ವರ್ಯಾ ಕೂಗಿದಳು. "ನಾವೆಲ್ಲಾ ಸತ್ತೋಗ್ತೀವಿ."

ಪ್ರದೀಪ ತಾನೇ ಮಾಡಿದ ನಿಯಮ; ಅದನ್ನು ಮುರಿಯುವುದು ಈಗ ಅವನ ಕೈಯಲ್ಲೂ ಇರಲಿಲ್ಲ. "ದೋಣಿ ಹೋಯ್ತು" ಎಂದ ಮೆಲ್ಲಗೆ.

ಪವನ ಎದ್ದುನಿಂತ ರಭಸಕ್ಕೆ ಕುರ್ಚಿ ಉರುಳಿತು. ಹನ್ನೊಂದು ತಿಂಗಳಲ್ಲಿ ಅವನಿಗೆ ಸಿಟ್ಟು ಬಂದಿದ್ದು ಅದೇ ಮೊದಲು. "ಯಾಕ ಹಿಂಗ ಮಾಡಿದಿ ಅವ್ವಾ? ನಾ ಎಲ್ಲಾ ಸರಿ ಮಾಡಿದ್ದೆ! ನೀವೆಲ್ಲಾ ಸೇಫ್ ಇದ್ರಿ!"

"ನಿನ್ನ ಬಿಟ್ಟು ಹೋಗೂದು ಸೇಫ್ ಏನೋ? ಕಲ್ಲಪ್ಪ ಹೋಗಂಗಿಲ್ಲ. ಸತ್ರ ಮೂರೂ ಮಂದಿ ಇಲ್ಲೇ ಸಾಯೂಣು."

"ಇದು ಆಟ ಅವ್ವಾ. ಜಸ್ಟ್ ಗೇಮ್."

"ಹಂಗಾರ ಹೆಡ್‌ಫೋನ್ ಯಾಕ ಕೊಟ್ಟಿ? ಅರಿವಿ ಯಾಕ ಮಡಚಿಟ್ಟಿ? ನನ್ನ ಕಡೆ ನೋಡಿ ಹೇಳು."

ಅವನು ನೋಡಲಿಲ್ಲ. ಸುಭದ್ರಾ ಮೇಜು ಸುತ್ತಿ ಬಂದು ಅವನ ಮಣಿಕಟ್ಟು ಹಿಡಿದಳು. ಅವಳು ಹುಟ್ಟಿ ಬೆಳೆದ ಮನೆಗಳಲ್ಲಿ ಸಾವಿನ ಮಾತನ್ನು ಯಾರೂ ಬಾಯಲ್ಲಿ ತರುವುದಿಲ್ಲ. ಯಾರಾದರೂ ಆಡಿದರೆ "ಬಿಡ್ತು ಅನ್ನು" ಎಂದು ಗದರುತ್ತಾರೆ. ಕೆಟ್ಟದ್ದನ್ನು ಕೇಳಿದರೆ ಕೆಟ್ಟದ್ದಕ್ಕೆ ದಾರಿ ತೋರಿಸಿದಂತೆ ಎಂದು ಹೆದರಿ, ಒಂದು ಪ್ರಶ್ನೆಯನ್ನು ಅವಳು ಹನ್ನೊಂದು ತಿಂಗಳು ಗಂಟಲಲ್ಲೇ ಇಟ್ಟುಕೊಂಡಿದ್ದಳು. ಊಟ ಮಾಡಿದೆಯಾ ಎಂದು ಕೇಳಿದ್ದಳು, ನಿದ್ದೆ ಬಂತಾ ಎಂದು ಕೇಳಿದ್ದಳು, ಇದೊಂದನ್ನು ಬಿಟ್ಟು ಎಲ್ಲವನ್ನೂ ಕೇಳಿದ್ದಳು.

"ತಮ್ಮಾ, ನೀ ಸಾಯಬೇಕಂತ ಮಾಡೀಯೇನು?"

ಐಶ್ವರ್ಯಾ ಬಾಯಿಗೆ ಕೈ ಅಡ್ಡ ಹಿಡಿದಳು. ಬೀದಿಯಲ್ಲಿ ಆಟೋದವನೊಬ್ಬ ಗರಿಯಾ ಬಡಾವಣೆಗೆ ಜನ ಕರೆಯುತ್ತ ಗರಿಯಾ, ಗರಿಯಾ ಎಂದು ಕೂಗುತ್ತಿದ್ದದ್ದು ಮೇಲಿನವರೆಗೂ ಕೇಳಿಸುತ್ತಿತ್ತು. ಕೊನೆಗೆ ಪವನ ಹೌದೆಂದು ತಲೆಯಾಡಿಸಿದ.

"ಯಾವಾಗ?"

"ಇವತ್ತ. ಆಟ ಮುಗಿದ ಮ್ಯಾಲೆ. ಕಲ್ಲಪ್ಪನ ಜೋಡಿ ಇನ್ನೊಮ್ಮೆ ಆಡಿ ಹೋಗೂಣು ಅಂತ ಬಂದಿದ್ದೆ."

ಪ್ರದೀಪ ಐದು ನಿಮಿಷದ ಹಿಂದೆ ವಾಹ್ ಎನ್ನುತ್ತ ಮೇಜು ಕುಟ್ಟಿದ್ದ ತನ್ನ ಕೈಯನ್ನೇ ನೋಡಿಕೊಂಡ. ಆಮೇಲೆ ಎದ್ದು ದಡದಡ ಇಳಿದು ಹೋದ. ಕೆಳಗೆ ಷಟರ್ ಪೂರ್ತಿ ಇಳಿದ ಸದ್ದಾಯಿತು. ಇವತ್ತು ಸಂಜೆ ಹೋಟೆಲಿಲ್ಲ ಎಂದು ಅಡುಗೆಯವರಿಗೆ ಹೇಳಿ, ಅಲ್ಲೇ ನಿಂತು ಯಾರೋ ಡಾಕ್ಟರಿಗೆ ಫೋನು ಹಚ್ಚಿ ಬಂಗಾಳಿಯಲ್ಲಿ ಮಾತಾಡತೊಡಗಿದ. ಐಶ್ವರ್ಯಾ ಬಿದ್ದಿದ್ದ ಕುರ್ಚಿಯನ್ನು ಎತ್ತಿ ಪವನನನ್ನು ಕೂರಿಸಿ, ತಾನು ಅವನ ಇನ್ನೊಂದು ಮಗ್ಗುಲಿಗೆ ಕೂತಳು.

ಸುಭದ್ರಾ ಅಳಲಿಲ್ಲ. ಅಳಬೇಕೆಂದು ಬಹಳ ಅನ್ನಿಸಿತು, ಆದರೆ ಅಳುವುದಕ್ಕೆ ಎರಡೂ ಕೈ ಬೇಕಾಗುತ್ತವೆ, ಅವಳಿಗೆ ಬಿಡುವಿದ್ದದ್ದು ಒಂದೇ. ಆ ಕೈಯಿಂದ ಮೊಬೈಲು ತೆಗೆದಳು.

"ಅಪ್ಪಾಜಿಗೆ ಹೇಳಬ್ಯಾಡ ಅವ್ವಾ" ಎಂದ ಪವನ. ಈಗ ಅವನ ದನಿ ಒಡೆದಿತ್ತು. "ಈ ವಾರ ಭಾಳ ಖುಷಿ ಅದಾರ ಅವರು."

"ಹೇಳ್ತೀನಿ. ಅಪ್ಪಾಜಿಗೂ ಹೇಳ್ತೀನಿ, ಅಕ್ಕಗೂ ಹೇಳ್ತೀನಿ, ಡಾಕ್ಟರಿಗೂ ಹೇಳ್ತೀನಿ. ಮುಚ್ಚಿಡೂದು ಮುಗೀತು."

ಬಸವಲಿಂಗಪ್ಪ ಮಧ್ಯಾಹ್ನದ ನಿದ್ದೆಯಿಂದ ಎದ್ದು ಫೋನು ಎತ್ತಿದ. ಸುಭದ್ರಾ ಸುತ್ತುಬಳಸು ಮಾಡಲಿಲ್ಲ. "ರೀ, ಪ್ರದೀಪನ ಹೋಟೆಲಿಗೆ ಈಗಿಂದೀಗ ಬರ್ರಿ. ಹುಡುಗ ಇವತ್ತ ಸಾಯಬೇಕಂತ ಮಾಡಿದ್ದ. ನನ್ನ ಮುಂದ ಒಪ್ಪಿಕೊಂಡಾನ. ದವಾಖಾನಿಗೆ ಕರಕೊಂಡು ಹೋಗಬೇಕು."

ಆ ಕಡೆಯಿಂದ ಸರಿಹೋಗ್ತಾನ ಎಂಬ ಮಾತು ಬರುತ್ತದೆ ಎಂದು ಅವಳು ಹಲ್ಲು ಕಚ್ಚಿ ಕಾದಳು. ಬರಲಿಲ್ಲ. ಏನೋ ನೆಲಕ್ಕೆ ಬಿದ್ದ ಸದ್ದು, ಬಾಗಿಲಿನ ಚಿಲಕದ ಸದ್ದು, ಮೆಟ್ಟಿಲ ಮೇಲೆ ಓಡುವ ಬರಿಗಾಲಿನ ಸದ್ದು ಬಂತು. ಓಡುತ್ತಲೇ ಬಸವಲಿಂಗಪ್ಪ ಕೂಗಿದ.

"ನಾ ಬರೂತನಕ ಅವನ ಕೈ ಬಿಡಬ್ಯಾಡ, ಸುಭದ್ರಾ!"

"ಬಿಟ್ಟಿಲ್ರಿ" ಅಂದಳು ಅವಳು.